ಸಿಮ್ಯುಲೇಟರ್‌ಗೆ ಚಿತ್ರ, ಸದ್ದು ತಯಾರಿ: ನೀಲಿ ಅಂಚಿನ ಮರ, ಆಟಿಕೆಯಂಥ ಹಳಿ ಸದ್ದು

ಹಳಿಮರುಳ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಓಪನ್‌ಬಿವಿಇ ಅನ್ನುವ ರೈಲು ಸಿಮ್ಯುಲೇಟರಿಗೆ ಒಂದು ರೂಟ್, ಅಂದರೆ ರೈಲು ಓಡುವ ದಾರಿ, ಕಟ್ಟುತ್ತಿದ್ದೇನೆ. ಜೊತೆಗೆ ಓಪನ್ ರೈಲ್ಸ್ ಅನ್ನುವ ಇನ್ನೊಂದು ಸಿಮ್ಯುಲೇಟರಿನ ಒಂದು ಬೋಗಿಗೆ ಹೊಸ ಬಣ್ಣ ಹೊಡೆಯುತ್ತಿದ್ದೇನೆ. ಹಳಿ, ಸಿಗ್ನಲ್, ವೇಗದ ಮಿತಿ ಎಲ್ಲ ಸರಿಯಾಗಿದೆ. ನಾನು ತೆಗೆದ ಫೋಟೋ, ನಾನು ರೆಕಾರ್ಡ್ ಮಾಡಿದ ಸದ್ದು ಹಾಕಿದ ಕೂಡಲೇ ಎಲ್ಲ ಹಾಳಾಗುತ್ತಿದೆ.

ತೊಂದರೆಗಳು ಇವು. ಮರಗಳ ಸುತ್ತ ತೆಳುವಾಗಿ ನೀಲಿ ಅಂಚು ಕಾಣುತ್ತದೆ. ಬೋಗಿಯ ಮೇಲಿನ ಅಕ್ಷರ ಹತ್ತಿರ ಹೋದರೆ ಕೆಸರು ಮೆತ್ತಿದ ಹಾಗಿದೆ. ಹಾರ್ನ್ ಹರಿದ ಬಟ್ಟೆಯಂತೆ ಪರಪರ ಅನ್ನುತ್ತದೆ. ಹಳಿಯ ಸದ್ದಂತೂ ಐದು ಸೆಕೆಂಡಿಗೊಮ್ಮೆ "ಟಕ್" ಅಂತ ಕಡಿದು ಮತ್ತೆ ಶುರುವಾಗುತ್ತದೆ, ವೇಗ ಏರಿದರೆ ಕೀಲಿ ಕೊಟ್ಟ ಆಟಿಕೆ ರೈಲಿನ ಸದ್ದು.

ಕಂಪ್ಯೂಟರಿನಲ್ಲಿ ಸುಮ್ನೆ ತೆರೆದು ನೋಡಿದರೆ ಚಿತ್ರವೂ ಚೆನ್ನಾಗಿದೆ, ಸದ್ದೂ ಚೆನ್ನಾಗಿದೆ. ಸಿಮ್ಯುಲೇಟರ್ ಒಳಗೆ ಹೋದಾಗ ಮಾತ್ರ ಹೀಗೆ. ಎಲ್ಲಿ ತಪ್ಪುತ್ತಿದ್ದೇನೆ?

ಕೊನೇಬೋಗಿ

ಚಿತ್ರ ದೊಡ್ಡದು ಮಾಡಿ ಗುರು. 4096 ಪಿಕ್ಸೆಲ್ ಹಾಕಿದರೆ ಎಲ್ಲ ಸರಿಹೋಗುತ್ತದೆ. ನಾನು ಎಲ್ಲದಕ್ಕೂ ಅದನ್ನೇ ಹಾಕುತ್ತೇನೆ.

ಬಫರ್‌ಸ್ಟಾಪ್

ಕೊನೇಬೋಗಿಯವರೇ, ನಿಮ್ಮ ರೂಟ್ ತೆರೆದರೆ ನನ್ನ ಕಂಪ್ಯೂಟರ್ ಏಕೆ ಏದುಸಿರು ಬಿಡುತ್ತದೆ ಅಂತ ಈಗ ಗೊತ್ತಾಯಿತು. 4096ಕ್ಕೆ 4096 ಚಿತ್ರ ಡಿಸ್ಕ್‌ನಲ್ಲಿ ಪಿಎನ್‌ಜಿ ಆಗಿ ಎಷ್ಟು ಚಿಕ್ಕದಾಗಿದ್ದರೂ ಗ್ರಾಫಿಕ್ಸ್ ಕಾರ್ಡಿನಲ್ಲಿ ಬಿಚ್ಚಿಕೊಂಡಾಗ 64 ಎಂಬಿ. ಪಿಕ್ಸೆಲ್ಲಿಗೆ 4 ಬೈಟ್, ಅಷ್ಟೇ ಲೆಕ್ಕ. ದೂರಕ್ಕೆ ಬೇಕಾದ ಚಿಕ್ಕ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್, ಸೇರಿದರೆ ಇನ್ನೂ ಮೂರನೇ ಒಂದು ಪಾಲು ಜಾಸ್ತಿ. ಅಂಥ ಹತ್ತು ಮರ ನೆಟ್ಟರೆ 850 ಎಂಬಿ ಮರಕ್ಕೇ ಹೋಯಿತು. ಆ ಮರ ಪರದೆ ಮೇಲೆ ಎಷ್ಟು ಎತ್ತರ ಕಾಣುತ್ತದೆ? ಹೆಚ್ಚೆಂದರೆ 300 ಪಿಕ್ಸೆಲ್.

ಹಳಿಮರುಳ ಅವರೇ, ಮೊದಲು ನೀಲಿ ಅಂಚು. ನಿಮ್ಮ ಮರದ ಫೈಲ್ ಯಾವ ನಮೂನೆ? ಹಿನ್ನೆಲೆಗೆ ಯಾವ ನೀಲಿ? ಚಿತ್ರವನ್ನು ಯಾವ ಹಂತದಲ್ಲಿ ಚಿಕ್ಕದು ಮಾಡಿದಿರಿ?

ಹಳಿಮರುಳ

ಪಿಎನ್‌ಜಿ ಸರ್. ಹಿನ್ನೆಲೆಗೆ 0, 0, 255 ನೀಲಿ (ಕೆಂಪು 0, ಹಸಿರು 0, ನೀಲಿ 255) ತುಂಬಿದೆ, ಆಬ್ಜೆಕ್ಟ್ ಫೈಲಿನಲ್ಲಿ ಅದೇ ಬಣ್ಣವನ್ನು ಪಾರದರ್ಶಕ ಅಂತ ಕೊಟ್ಟಿದ್ದೇನೆ. ಫೋಟೋ ದೊಡ್ಡದಿತ್ತು. ಮರ ಕತ್ತರಿಸಿ, ನೀಲಿ ತುಂಬಿ, ಕೊನೆಗೆ 512ಕ್ಕೆ ಇಳಿಸಿದೆ.

ಬಫರ್‌ಸ್ಟಾಪ್

ಸಿಕ್ಕಿತು. ಕೊನೆಯ ಹೆಜ್ಜೆಯೇ ಮೋಸ.

ಸಿಮ್ಯುಲೇಟರ್ 0, 0, 255 ಇರುವ ಪಿಕ್ಸೆಲ್ ಮಾತ್ರ ತೆಗೆಯುತ್ತದೆ. 254 ಇದ್ದರೂ ಅದು ಅದಕ್ಕೆ ಮರವೇ. ನೀವು ಚಿಕ್ಕದು ಮಾಡಿದಾಗ ಏನಾಯಿತು? ಎಲೆಯ ಹಸಿರು, ಪಕ್ಕದ ನೀಲಿ ಎರಡನ್ನೂ ಬೆರೆಸಿ ಪ್ರೋಗ್ರಾಂ ಒಂದು ಹೊಸ ಪಿಕ್ಸೆಲ್ ಮಾಡಿತು. 30, 60, 170 ಅಂತ ಏನೋ ಒಂದು. ಅದು ಪೂರ್ತಿ ನೀಲಿಯಲ್ಲ, ಹಾಗಾಗಿ ಉಳಿಯಿತು. ಸಾವಿರ ಎಲೆಗೆ ಸಾವಿರ ಅಂಚು, ಎಲ್ಲ ಕಡೆ ನೀಲಿ. ಚಿತ್ರವನ್ನು ಶೇಕಡ 800ಕ್ಕೆ ಹಿಗ್ಗಿಸಿ ಒಂದೇ ಒಂದು ಎಲೆಯ ತುದಿ ನೋಡಿ, ನಾನು ಹೇಳಿದ್ದು ಕಣ್ಣಿಗೇ ಕಾಣುತ್ತದೆ.

ಸರಿಯಾದ ಕ್ರಮ: ಮೊದಲು ಪಾರದರ್ಶಕ ಪದರದಲ್ಲೇ ಮರ ಕತ್ತರಿಸಿ. ಹಾಗೇ 512ಕ್ಕೆ ಇಳಿಸಿ. ಆಮೇಲೆ ಅರೆಬರೆ ಪಾರದರ್ಶಕ ಪಿಕ್ಸೆಲ್‌ಗಳನ್ನು ಇತ್ಯರ್ಥ ಮಾಡಿ, ಅರ್ಧಕ್ಕಿಂತ ಜಾಸ್ತಿ ಗಟ್ಟಿ ಇದ್ದರೆ ಪೂರ್ತಿ ಇರಲಿ, ಕಡಿಮೆ ಇದ್ದರೆ ಪೂರ್ತಿ ಹೋಗಲಿ. ಎಲ್ಲ ಮುಗಿದ ಮೇಲೆ ಹಿಂದಿನ ಪದರದಲ್ಲಿ ನೀಲಿ. ಅಂದರೆ ನೀಲಿ ತುಂಬುವುದು ಕಟ್ಟಕಡೆಯ ಕೆಲಸ. ಅದಾದ ಮೇಲೆ ಚಿತ್ರವನ್ನು ಮುಟ್ಟಲೇಬೇಡಿ, ತಿರುಗಿಸಬೇಡಿ, ಚೂಪು ಮಾಡಬೇಡಿ. ಜೆಪೆಗ್‌ನಲ್ಲಿ ಅಂತೂ ಯಾವತ್ತೂ ಉಳಿಸಬೇಡಿ, ಅದು ಸಪಾಟಾದ ನೀಲಿಯನ್ನೂ ನೆಟ್ಟಗೆ ಇಡುವುದಿಲ್ಲ.

ಹಸಿರುಬಾವುಟ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನೀಲಿ ಬಿಟ್ಟು ನೇರವಾಗಿ ಆಲ್ಫಾ (ಪ್ರತಿ ಪಿಕ್ಸೆಲ್ ಎಷ್ಟು ಪಾರದರ್ಶಕ ಅನ್ನುವ ಅಳತೆ) ಇರುವ ಪಿಎನ್‌ಜಿ ಕೊಟ್ಟರೆ ಈ ರಗಳೆಯೇ ಇರುವುದಿಲ್ಲ ಅಲ್ವಾ? ನಾನು ಹಾಗೆ ಮಾಡಿದೆ. ಆದರೆ ನನಗೆ ನೀಲಿ ಬದಲು ಬಿಳಿ ಅಂಚು ಬರುತ್ತಿದೆ!

ಬಫರ್‌ಸ್ಟಾಪ್

ಒಂದೇ ರೋಗ, ಬೇರೆ ಬಣ್ಣ.

ಪಾರದರ್ಶಕ ಪಿಕ್ಸೆಲ್ಲಿಗೂ ಒಂದು ಬಣ್ಣ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ನಿಮ್ಮದರಲ್ಲಿ ಅದು ಬಿಳಿ, ಬಹುಶಃ ಆಕಾಶದ್ದು. ಸಿಮ್ಯುಲೇಟರ್ ಮರವನ್ನು ದೂರದಲ್ಲಿ ತೋರಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುತ್ತದೆ. ಅಡಗಿದ್ದ ಬಿಳಿ ಆಗ ಹೊರಗೆ ಬರುತ್ತದೆ. ಮರದ ಪದರದ ಕೆಳಗೆ ಅದೇ ಮರದ ಪ್ರತಿ ಇಟ್ಟು, ಅದನ್ನು ಚೆನ್ನಾಗಿ ಮಸುಕು ಮಾಡಿ, ಎಲೆಯ ಹಸಿರು ಹತ್ತಿಪ್ಪತ್ತು ಪಿಕ್ಸೆಲ್ ಹೊರಗೆ ಹರಡಲಿ. ಬಣ್ಣ ಎಲ್ಲ ಕಡೆ ಹಸಿರು, ಆಲ್ಫಾ ಮಾತ್ರ ಮರದ ಆಕಾರ. ಚಿತ್ರ ತಿದ್ದುವ ಜಿಂಪ್ ಪ್ರೋಗ್ರಾಂನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣ ಉಳಿಸು ಅನ್ನುವ ಒಂದು ಚೌಕ ಬರುತ್ತದೆ, ಅದಕ್ಕೆ ಟಿಕ್ ಹಾಕದಿದ್ದರೆ ಪಟ್ಟ ಪಾಡೆಲ್ಲ ನೀರಿಗೆ.

ಆಲ್ಫಾ ಬಳಸಿದರೆ ನೀಲಿಗಿಂತ ನಯವಾಗಿ ಕಾಣುತ್ತದೆ ನಿಜ. ಆದರೆ ಹಿಂದೆ ಯಾವುದು, ಮುಂದೆ ಯಾವುದು ಅಂತ ಸಿಮ್ಯುಲೇಟರ್ ಪ್ರತಿ ಬಾರಿ ಜೋಡಿಸಿಕೊಳ್ಳಬೇಕು. ಒಂದು ಕಾಡು ಪೂರ್ತಿ ಹೀಗೆ ಮಾಡಿದರೆ ನಿಧಾನವಾಗುತ್ತದೆ. ಹತ್ತಿರದ ನಾಲ್ಕು ಮರಕ್ಕೆ ಆಲ್ಫಾ, ಹಿಂದಿನ ಸಾಲಿಗೆ ನೀಲಿ. ನಾನು ಮಾಡುವುದು ಹಾಗೆ.

ಕೊನೇಬೋಗಿ

ಒಪ್ಪಿದೆ, ಮರಕ್ಕೆ 4096 ಬೇಡ. ಬೋಗಿಗೆ ಬೇಕೇ ಬೇಕು. ಅಕ್ಷರ ಓದುವ ಹಾಗಿರಬೇಕಲ್ಲ?

ಬಫರ್‌ಸ್ಟಾಪ್

ಬೋಗಿಗೆ ಬೇಕಾಗಬಹುದು, ಆದರೆ ಗಾತ್ರ ಆರಿಸುವ ಮುಂಚೆ ಲೆಕ್ಕ ಹಾಕಿ. ಬೋಗಿ 24 ಮೀಟರ್ ಉದ್ದ, ಚಿತ್ರದ ಅಗಲ 2048. ಅಂದರೆ ಮೀಟರಿಗೆ 85 ಪಿಕ್ಸೆಲ್, ಒಂದು ಪಿಕ್ಸೆಲ್ ಸುಮಾರು 1.2 ಸೆಂಟಿಮೀಟರ್. ಬೋಗಿಯ ನಂಬರ್ 10 ಸೆಂಟಿಮೀಟರ್ ಎತ್ತರ ಇದ್ದರೆ ಅದಕ್ಕೆ ಸಿಗುವುದು ಎಂಟು ಪಿಕ್ಸೆಲ್. ಎಂಟು ಪಿಕ್ಸೆಲ್ಲಿನಲ್ಲಿ ಅಂಕಿ ಬರೆದು ನೋಡಿ, ಬರೆಯಬಹುದು, ಆದರೆ ಕಷ್ಟ.

ಅದರ ಮೇಲೆ ಡಿಎಕ್ಸ್‌ಟಿ1 ಒತ್ತುವಿಕೆ ಬರುತ್ತದೆ. ಓಪನ್ ರೈಲ್ಸ್ ಓದುವ ಏಸ್, ಡಿಡಿಎಸ್ ಎರಡೂ ನಮೂನೆಯ ಚಿತ್ರ ಫೈಲಿನಲ್ಲಿ ಸಾಮಾನ್ಯವಾಗಿ ಬಳಸುವುದು ಇದನ್ನೇ. ಇದು ಚಿತ್ರವನ್ನು 4ಕ್ಕೆ 4 ಪಿಕ್ಸೆಲ್ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕಕ್ಕೆ ಎರಡೇ ಎರಡು ಬಣ್ಣ ಇಟ್ಟುಕೊಳ್ಳುತ್ತದೆ, ಅವೆರಡರ ನಡುವಿನ ಇನ್ನೆರಡನ್ನು ತಾನೇ ಬೆರೆಸಿಕೊಳ್ಳುತ್ತದೆ. 16 ಪಿಕ್ಸೆಲ್, 8 ಬೈಟ್. 2048ರ ಚಿತ್ರ 16 ಎಂಬಿಯಿಂದ 2 ಎಂಬಿಗೆ ಇಳಿಯುವುದು ಹೀಗೆ. ತುಂಬ ಜಾಣ ವಿಧಾನ, ಆದರೆ ಹಳಿಮರುಳ ಅವರ ಬೋಗಿ ನೆನಪಿಸಿಕೊಳ್ಳಿ: ನೀಲಿ ಮೈ, ಹಳದಿ ಅಂಕಿ, ಅಂಕಿಗೆ ತಾಗಿಕೊಂಡೇ ಕೆಂಪು ಪಟ್ಟಿ. ಒಂದೇ ಚೌಕದಲ್ಲಿ ಮೂರು ಬಣ್ಣ ಬಿದ್ದರೆ ಮೂರನೆಯದಕ್ಕೆ ಜಾಗವಿಲ್ಲ. ನೀಲಿ, ಹಳದಿ ಇಟ್ಟುಕೊಂಡರೆ ಕೆಂಪಿಗೆ ಅವೆರಡರ ನಡುವಿನ ಬೂದುಹಸಿರು ಸಿಗುತ್ತದೆ. ಕೆಸರು ಅಂದಿರಲ್ಲ, ಅದೇ ಇದು.

ಬೋಗಿ ಪೂರ್ತಿ ದೊಡ್ಡದು ಮಾಡುವ ಬದಲು ಎರಡು ಉಪಾಯ. ಪಟ್ಟಿಯ ಅಂಚು 4ರ ಗುಣಕದ ಮೇಲೆಯೇ ಬೀಳುವ ಹಾಗೆ ಇಡಿ. 400ನೇ ಸಾಲು, 404ನೇ ಸಾಲು, ಹೀಗೆ. ಬಣ್ಣಗಳು ತಾವಾಗಿಯೇ ಬೇರೆ ಬೇರೆ ಚೌಕಕ್ಕೆ ಹೋಗುತ್ತವೆ. ಎರಡನೆಯದು, ಮಾದರಿ ನಿಮ್ಮದೇ ಆಗಿದ್ದರೆ, ಅಕ್ಷರಗಳಿಗೆ ಬೇರೆ ಸಣ್ಣ ಚಿತ್ರ. 512ಕ್ಕೆ 128 ಸಾಕು, ಅದು ಬೋಗಿಯ ಎರಡು ಮೀಟರ್ ಮಾತ್ರ ಮುಚ್ಚಲಿ. ಆಗ ಮೀಟರಿಗೆ 256 ಪಿಕ್ಸೆಲ್. 4096ರ ಬೋಗಿಗಿಂತ ಚೊಕ್ಕ.

ಇನ್ನೊಂದು. ಏಸ್ ಫೈಲನ್ನೇ ತೆರೆದು, ತಿದ್ದಿ, ಅದನ್ನೇ ಮತ್ತೆ ಉಳಿಸುವ ಅಭ್ಯಾಸ ಇದ್ದರೆ ಬಿಡಿ. ಪ್ರತಿ ಸಲ ಮತ್ತೆ ಒತ್ತುತ್ತದೆ. ಪದರಗಳಿರುವ ಮೂಲ ಫೈಲ್ ಬೇರೆ ಇರಲಿ.

ಹಳಿಮರುಳ

ಆ ಅಭ್ಯಾಸ ಇತ್ತು. ಹೇಳಿಕೊಳ್ಳಲು ನಾಚಿಕೆ, ಆರು ಸಲ ಹಾಗೆ ಉಳಿಸಿದ್ದೇನೆ.

ಕಲ್ಲಿದ್ದಲ ಹೊಗೆ

ಇಲ್ಲಿ ಎಲ್ಲರೂ ಕನಿಷ್ಠ ಒಂದು ವರ್ಷ ಹಾಗೆ ಮಾಡಿದವರೇ, ಬಿಡಿ.

ಜಲ್ಲಿಯ ಬಗ್ಗೆ ಯಾರೂ ಹೇಳಲಿಲ್ಲ. ಹಳಿಯ ಕೆಳಗಿನ ಜಲ್ಲಿ ಚಿತ್ರ ಕಿಲೋಮೀಟರ್‌ಗಟ್ಟಲೆ ಮತ್ತೆ ಮತ್ತೆ ಬರುವುದು. ಮೋಡ ಕವಿದ ದಿನ ಫೋಟೋ ತೆಗೆಯಿರಿ, ಬಿಸಿಲಲ್ಲಿ ತೆಗೆದರೆ ಪ್ರತಿ ಕಲ್ಲಿಗೂ ನೆರಳು ಅಂಟಿಕೊಂಡು ಬರುತ್ತದೆ, ಸಿಮ್ಯುಲೇಟರಿನ ಸೂರ್ಯ ಬೇರೆ ಕಡೆ ಇದ್ದರೆ ಎಡವಟ್ಟು. ನೆತ್ತಿಯ ಮೇಲಿಂದ ನೇರ ಕೆಳಕ್ಕೆ ತೆಗೆಯಿರಿ. ಜಿಂಪ್‌ನಲ್ಲಿ ಆಫ್‌ಸೆಟ್ ಆಯ್ಕೆಯಿಂದ ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧ ಸರಿಸಿದರೆ ಜೋಡಣೆಯ ಗೆರೆ ನಡುವೆ ಬಂದು ನಿಲ್ಲುತ್ತದೆ. ಅದನ್ನು ಪಕ್ಕದ ಕಲ್ಲುಗಳಿಂದಲೇ ಮುಚ್ಚಿ.

ನಾನು ಮೊದಲ ಸಲ ಮಾಡಿದ ಜಲ್ಲಿಯಲ್ಲಿ ಒಂದೇ ಒಂದು ಬಿಳಿ ಕಲ್ಲು ಇತ್ತು. ಎಡಿಟರಿನಲ್ಲಿ ಚೆಂದ ಕಾಣುತ್ತಿತ್ತು. ಸಿಮ್ಯುಲೇಟರಿನಲ್ಲಿ ನಾಲ್ಕು ಮೀಟರಿಗೊಂದು ಬಿಳಿ ಚುಕ್ಕೆ, ದಿಗಂತದವರೆಗೆ, ಯಾರೋ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಕಣ್ಣಿಗೆ ಬೀಳುವ ಕಲ್ಲು, ಎಲೆ, ಕಸ ಇದ್ದರೆ ಎಲ್ಲ ಅಳಿಸಿ. ಫೋಟೋಗೆ ಅಂತ ಹಳಿ ಮೇಲೆ ಮಾತ್ರ ಇಳಿಯಬೇಡಿ, ದಯವಿಟ್ಟು. ರಸ್ತೆ ಬದಿಯ ಜಲ್ಲಿ ರಾಶಿಯೂ ಅದೇ ಕಲ್ಲು.

ಹಸಿರುಬಾವುಟ

ಓಪನ್ ರೈಲ್ಸ್‌ನಲ್ಲಿ ರಾತ್ರಿಗೆ ಕಿಟಕಿ ಬೆಳಗಬೇಕು ಅಂತ ಇನ್ನೊಂದು ಚಿತ್ರ ಮಾಡಿ ನೈಟ್ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಬರುತ್ತಿಲ್ಲ.

ಬಫರ್‌ಸ್ಟಾಪ್

ಮಾದರಿಯ ಜೊತೆಗಿರುವ ಎಸ್‌ಡಿ ಫೈಲಿನಲ್ಲಿ ಇಎಸ್‌ಡಿ_ಆಲ್ಟರ್ನೇಟಿವ್_ಟೆಕ್ಸ್ಚರ್ ಸಾಲು ನೋಡಿ. ಅಲ್ಲಿ 0 ಇದ್ದರೆ ಬದಲಿ ಚಿತ್ರ ಹುಡುಕುವುದೇ ಇಲ್ಲ. ರಾತ್ರಿಗೆ 256, ಹಿಮಕ್ಕೆ 1, ಎರಡೂ ಬೇಕಾದರೆ ಕೂಡಿಸಿ 257. ಋತುಗಳಿಗೆ 252, ಅದು 4, 8, 16, 32, 64, 128 ಸೇರಿದ ಮೊತ್ತ. ಫೈಲಿನ ಹೆಸರು ಹಗಲಿನದೇ ಇರಬೇಕು, ಫೋಲ್ಡರ್ ಮಾತ್ರ ಬೇರೆ.

ಹಳಿಮರುಳ

ನೀಲಿ ಅಂಚು ಹೋಯಿತು! ಒಂದು ಸಂಜೆಯಲ್ಲಿ ಹನ್ನೊಂದು ಮರ ಮತ್ತೆ ಮಾಡಿದೆ. ಬೋಗಿಯ ಪಟ್ಟಿಯನ್ನು ಎರಡು ಪಿಕ್ಸೆಲ್ ಮೇಲೆ ಸರಿಸಿದೆ, ಅಂಕಿ ಓದಬಹುದು ಈಗ. ಎರಡೇ ಪಿಕ್ಸೆಲ್!

ಈಗ ಸದ್ದು. ಯಾರಾದರೂ ಕೈ ಹಿಡಿಯಿರಿ.

ಎಂಟನೇ ನಾಚ್

ಸದ್ದಿನ ಕೆಲಸ ನನ್ನದು, ಹೇಳುತ್ತೇನೆ. ಆದರೆ ಮೊದಲು ಕೆಟ್ಟ ಸುದ್ದಿ. ಹಾರ್ನ್ ಮತ್ತೆ ರೆಕಾರ್ಡ್ ಮಾಡಬೇಕು.

ಎಡಿಟರಿನಲ್ಲಿ ಅಲೆಯನ್ನು ಹಿಗ್ಗಿಸಿ ನೋಡಿ. ಬೆಟ್ಟದ ತುದಿಯ ಹಾಗೆ ದುಂಡಗಿರುವ ಬದಲು ಮೇಜಿನ ಹಾಗೆ ಚಪ್ಪಟೆ ಇದ್ದರೆ ಅಲ್ಲಿಗೆ ಸದ್ದು ರೆಕಾರ್ಡಿಂಗಿನ ಮಿತಿ ದಾಟಿದೆ ಅಂತ ಅರ್ಥ. ಆ ತುದಿ ಮತ್ತೆ ಬರುವುದಿಲ್ಲ. ವಾಲ್ಯೂಮ್ ಕಡಿಮೆ ಮಾಡಿದರೆ ಚಪ್ಪಟೆಯಾಗಿಯೇ ಕಡಿಮೆಯಾಗುತ್ತದೆ. ಹಾರ್ನ್ ಹೊಡೆಯುತ್ತಾರೆ ಅಂತ ಗೊತ್ತಿದ್ದ ಕಡೆ ಮಟ್ಟವನ್ನು ಮುಂಚೆಯೇ ತಗ್ಗಿಸಿಡಿ, ಅತಿ ಜೋರಾದ ಕ್ಷಣದಲ್ಲೂ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ಸದ್ದು ಚಿಕ್ಕದಾಗಿದೆ ಅನ್ನಿಸಿದರೂ 24 ಬಿಟ್‌ನಲ್ಲಿ ಉಳಿಸಿದರೆ ಮನೆಗೆ ಬಂದು ಎತ್ತಿಕೊಳ್ಳಬಹುದು. ಫೋನಿನಲ್ಲಿ ಮಾಡುವುದಾದರೆ ತಾನಾಗಿ ಮಟ್ಟ ಏರಿಳಿಸುವ ಸೌಲಭ್ಯ ಆಫ್ ಮಾಡಿ. ಇಲ್ಲದಿದ್ದರೆ ಹಾರ್ನ್ ನಿಂತ ಕೂಡಲೇ ಹಿಂದಿನ ಗಾಳಿ ಸದ್ದು ಉಬ್ಬಿ ಬರುತ್ತದೆ.

ನಿಮ್ಮ ಹಾರ್ನ್ ಎಲ್ಲಿಂದ ರೆಕಾರ್ಡ್ ಆಗಿದ್ದು? ರೈಲು ಹಾದುಹೋಗುವಾಗ ಹೊರಗೆ ನಿಂತೇ?

ಹಳಿಮರುಳ

ಹೌದು ಮೇಡಂ, ಲೆವೆಲ್ ಕ್ರಾಸಿಂಗ್ ಗೇಟಿನ ಹೊರಗೆ. ಸುಮಾರು 90 ಕಿಲೋಮೀಟರ್ ವೇಗದಲ್ಲಿ ಹೋಯಿತು.

ಎಂಟನೇ ನಾಚ್

ಹಾಗಿದ್ದರೆ ಚಪ್ಪಟೆ ಆಗದಿದ್ದರೂ ಅದು ಕೆಲಸಕ್ಕೆ ಬರುತ್ತಿರಲಿಲ್ಲ. 90 ಅಂದರೆ ಸೆಕೆಂಡಿಗೆ 25 ಮೀಟರ್. ಗಾಳಿಯಲ್ಲಿ ಸದ್ದಿನ ವೇಗ ಸುಮಾರು 343. ರೈಲು ಎದುರಿಗೆ ಬರುವಾಗ ಹಾರ್ನ್ ಶೇಕಡ 8ರಷ್ಟು ಏರಿ ಕೇಳುತ್ತದೆ, ದಾಟಿದ ಮೇಲೆ 7ರಷ್ಟು ಇಳಿಯುತ್ತದೆ. ಒಟ್ಟು ಎರಡೂವರೆ ಸ್ವರಸ್ಥಾನ ಜಾರಿದ ಹಾಗೆ. ಆ ಜಾರು ನಿಮ್ಮ ಫೈಲಿನೊಳಗೇ ಕೂತಿದೆ. ಚಾಲಕನ ಜಾಗದಲ್ಲಿ ಕೂತು ಬಟನ್ ಒತ್ತಿದರೆ ನಮ್ಮ ಹಾರ್ನೇ ನಮ್ಮಿಂದ ದೂರ ಓಡಿಹೋದ ಹಾಗೆ ಕೇಳುತ್ತದೆ. ಹೊರಗಿನ ಕ್ಯಾಮೆರಾದಲ್ಲಿ ಸಿಮ್ಯುಲೇಟರ್ ತನ್ನ ಲೆಕ್ಕದ ಜಾರನ್ನೂ ಸೇರಿಸಿದರೆ ಎರಡೆರಡು ಜಾರು.

ನಿಂತ ಎಂಜಿನ್ನಿನ ಹಾರ್ನ್ ಬೇಕು. ಅದನ್ನು ಮೂರು ತುಂಡು ಮಾಡಿ: ಗಾಳಿ ನುಗ್ಗಿ ಸ್ವರ ಕಟ್ಟುವ ಶುರು, ಒತ್ತಿ ಹಿಡಿದಷ್ಟು ಹೊತ್ತು ಸುತ್ತುವ ನಡು, ಬಿಟ್ಟಾಗ ಇಳಿಯುವ ಕೊನೆ. ಓಪನ್‌ಬಿವಿಇಯ ಸೌಂಡ್ ಕಾನ್ಫಿಗ್ ಫೈಲಿನಲ್ಲಿ ಹಾರ್ನಿಗೆ ಸ್ಟಾರ್ಟ್, ಲೂಪ್, ಎಂಡ್ ಅಂತ ಬೇರೆ ಬೇರೆ ಕೊಡಬಹುದು. ಗಾಳಿ ತುಂಬುವ ಕಂಪ್ರೆಸರಿಗೂ ಹೀಗೇ ಮೂರು ತುಂಡು. ಓಪನ್ ರೈಲ್ಸ್‌ನಲ್ಲಿ ಒಂದೇ ವೇವ್ ಫೈಲ್ ಒಳಗೆ ಕ್ಯೂ ಗುರುತು ಹಾಕಿ ನಡುವಿನ ಭಾಗ ಸುತ್ತಿಸಬಹುದು. ನೀವು ಬಳಸುವ ಎಡಿಟರ್ ಆ ಗುರುತನ್ನು ಉಳಿಸುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ, ಎಷ್ಟೋ ಎಡಿಟರ್‌ಗಳು ಸದ್ದಿಲ್ಲದೆ ಅಳಿಸಿಬಿಡುತ್ತವೆ.

ಕೊನೇಬೋಗಿ

"ಟಕ್" ಬರುವುದು ಎಂಪಿ3ಯಿಂದ ಅಲ್ವಾ?

ಎಂಟನೇ ನಾಚ್

ಎಂಪಿ3ಯಾಗಿದ್ದರೆ ಹೌದು, ಅದು ಒತ್ತುವಾಗ ಶುರುವಿಗೂ ಕೊನೆಗೂ ಒಂದಿಷ್ಟು ಖಾಲಿ ಸೇರಿಸುತ್ತದೆ. ಸುತ್ತುವ ಸದ್ದಿಗೆ ಎಂಪಿ3 ಬೇಡವೇ ಬೇಡ. ಒಮ್ಮೆ ಎಂಪಿ3 ಮಾಡಿ ಮತ್ತೆ ವೇವ್ ಮಾಡಿದರೂ ಖಾಲಿ ಹಾಗೇ ಉಳಿದಿರುತ್ತದೆ.

ವೇವ್‌ನಲ್ಲೂ ಟಕ್ ಬರುತ್ತದೆ. ಫೈಲಿನ ಕೊನೆಯಲ್ಲಿ ಅಲೆ ಮೇಲಿದ್ದು, ಶುರುವಿನಲ್ಲಿ ಕೆಳಗಿದ್ದರೆ ಆ ಜಿಗಿತವೇ ಟಕ್. ಅಡಾಸಿಟಿ ಅನ್ನುವ ಸದ್ದಿನ ಎಡಿಟರಿನಲ್ಲಿ ಆಯ್ಕೆ ಮಾಡಿ ಜೆಡ್ ಕೀ ಒತ್ತಿದರೆ ಎರಡೂ ತುದಿ ಸೊನ್ನೆ ಗೆರೆಗೆ ಸರಿಯುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಟಕ್ ಹೋಗುತ್ತದೆ, ಆದರೆ "ಹುಂ... ಹುಂ..." ಅಂತ ಉಸಿರಾಟ ಉಳಿಯುತ್ತದೆ, ಏಕೆಂದರೆ ಕೊನೆಯ ಸದ್ದಿನ ಬಣ್ಣ ಮತ್ತು ಶುರುವಿನ ಬಣ್ಣ ಒಂದೇ ಅಲ್ಲ. ಹಾಗಾಗಿ ಶುರುವಿನ ಅರ್ಧ ಸೆಕೆಂಡ್ ಕತ್ತರಿಸಿ, ಅದನ್ನು ಕೊನೆಯ ಅರ್ಧ ಸೆಕೆಂಡಿನ ಮೇಲೆ ಹೇರಿ. ಕೊನೆಯದು ಇಳಿಯುತ್ತಾ ಹೋಗಲಿ, ಹೇರಿದ್ದು ಏರುತ್ತಾ ಬರಲಿ. ಈಗ ಫೈಲ್ ಮುಗಿಯುವ ಸದ್ದಿನ ಮುಂದುವರಿಕೆಯೇ ಫೈಲಿನ ಹೊಸ ಶುರು, ಹಾಗಾಗಿ ತಲೆ ಬಾಲ ತಾನಾಗಿ ಕೂಡುತ್ತದೆ.

ಇನ್ನು ಆಟಿಕೆ ಸದ್ದು. ನಿಮ್ಮ ರನ್ ಫೈಲ್, ಅಂದರೆ ರೈಲು ಓಡುವಾಗಿನ ಹಳಿ ಸದ್ದು, ಯಾವ ವೇಗದಲ್ಲಿ ರೆಕಾರ್ಡ್ ಮಾಡಿದ್ದು?

ಹಳಿಮರುಳ

ನಿಧಾನವಾಗಿ ಹೋಗುವಾಗ. 40 ಇರಬಹುದು. ಸ್ಪಷ್ಟವಾಗಿ ಕೇಳಲಿ ಅಂತ.

ಎಂಟನೇ ನಾಚ್

ಅದಕ್ಕೇ! ಓಪನ್‌ಬಿವಿಇ ರನ್ ಸದ್ದನ್ನು 90 ಕಿಲೋಮೀಟರ್ ವೇಗದಲ್ಲಿ ಇದ್ದ ಹಾಗೇ ನುಡಿಸುತ್ತದೆ. 45ರಲ್ಲಿ ಅರ್ಧ ವೇಗದಲ್ಲಿ, ಅಂದರೆ ಒಂದು ಸ್ಥಾಯಿ ಕೆಳಗೆ. ನೀವು 40ರದ್ದನ್ನು ಕೊಟ್ಟಿರಿ. ರೈಲು 90 ಮುಟ್ಟಿದಾಗ ಕೇಳುತ್ತಿರುವುದು 40ರ ಸದ್ದು, ಅದಕ್ಕಿಂತ ಮೇಲೆ ಹೋದರೆ ಅದನ್ನೇ ಎಳೆದು ಚೂಪು ಮಾಡಿದ್ದು. 90ರಲ್ಲೇ ರೆಕಾರ್ಡ್ ಮಾಡಿ. ಬೋಗಿಯ ತುದಿಯಲ್ಲಿ, ಬೋಗಿ ಗಾಲಿಗಳ ನೇರ ಮೇಲೆ ಕೂತು, ಫೋನಿನ ಜಿಪಿಎಸ್ ನೋಡಿಕೊಂಡು.

ಹಳಿ ಸಂದಿನ "ಕಟಕಟ" ಇನ್ನೊಂದು ತಲೆನೋವು. ನಿಜವಾದ ರೈಲಿನಲ್ಲಿ ವೇಗ ಏರಿದರೆ ಕಟಕಟ ಬೇಗ ಬೇಗ ಬರುತ್ತದೆ, ಆದರೆ ಒಂದೊಂದು ಏಟಿನ ಸ್ವರ ಹೆಚ್ಚು ಬದಲಾಗುವುದಿಲ್ಲ. ಉಕ್ಕು ಅದೇ ಉಕ್ಕು. ಫೈಲನ್ನು ವೇಗವಾಗಿ ನುಡಿಸಿದಾಗ ಲಯದ ಜೊತೆ ಸ್ವರವೂ ಏರುತ್ತದೆ, ಅದೇ ಆಟಿಕೆ. ಓಪನ್ ರೈಲ್ಸ್‌ನಲ್ಲಿ ಇದಕ್ಕೆ ದಾರಿಯಿದೆ: ಯಾವ ಸದ್ದು ಯಾವಾಗ ಅಂತ ಹೇಳುವ ಎಸ್‌ಎಂಎಸ್ ಫೈಲಿನಲ್ಲಿ ಇಷ್ಟು ದೂರ ಕ್ರಮಿಸಿದ ಮೇಲೆ ಒಂದು ಏಟು ನುಡಿಸುವ ಟ್ರಿಗರ್. ಕನಿಷ್ಠ, ಗರಿಷ್ಠ ದೂರ ಎರಡಕ್ಕೂ ಹಳಿಯ ಉದ್ದವನ್ನೇ ಕೊಟ್ಟರೆ ಸಂದಿಗೊಂದು ಏಟು, ಸ್ವರ ಕದಲುವುದಿಲ್ಲ. ಗಾಲಿ ಉರುಳುವ ಹಿನ್ನೆಲೆಯ ಗುಡುಗು ಬೇರೆ ಫೈಲ್.

ಓಪನ್‌ಬಿವಿಇಯ ರನ್ ಫೈಲ್ ಒಳಗೇ ಕಟಕಟ ಇಡುವುದಾದರೆ ಏಟುಗಳನ್ನು ಗುಡುಗಿಗಿಂತ ತಗ್ಗಿಸಿ, ಆಗ ಸ್ವರದ ಏರಿಳಿತ ಅಷ್ಟು ಕಿವಿಗೆ ಹೊಡೆಯುವುದಿಲ್ಲ. ಉದ್ದದ ಲೆಕ್ಕವೂ ನೋಡಿ. ಸಂದುಗಳು 12.5 ಮೀಟರಿಗೊಂದು ಇವೆ ಅಂದುಕೊಳ್ಳಿ. 90ರಲ್ಲಿ ಅರ್ಧ ಸೆಕೆಂಡಿಗೊಂದು ಏಟಿನ ಗುಂಪು. ನಿಮ್ಮ ಲೂಪ್ 5 ಸೆಕೆಂಡ್ ಇದ್ದರೆ ಹತ್ತು ಗುಂಪು, ಸರಿಯಾಗಿ ಕೂಡುತ್ತದೆ. 5.2 ಇದ್ದರೆ ಪ್ರತಿ ಸುತ್ತಿಗೆ ತಾಳ ತಪ್ಪುತ್ತದೆ. ಹಾಡು ಕೇಳಿದ ಯಾರಿಗೂ ಅದು ತಿಳಿದುಬಿಡುತ್ತದೆ.

ಕಲ್ಲಿದ್ದಲ ಹೊಗೆ

ಉಗಿ ಎಂಜಿನ್ನಿಗೂ ಇದೇ ಮಾತು. ಎರಡು ಸಿಲಿಂಡರಿನ ಎಂಜಿನ್ ಗಾಲಿ ಒಂದು ಸುತ್ತಿಗೆ ನಾಲ್ಕು ಸಲ "ಛಫ್" ಅನ್ನುತ್ತದೆ. ಒಂದೂವರೆ ಮೀಟರ್ ವ್ಯಾಸದ ಗಾಲಿ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಮೂರೂವರೆ ಸುತ್ತು, ಅಂದರೆ 14 ಛಫ್. ಒಂದೊಂದು ಛಫ್ಫನ್ನೂ ಬಿಡಿಯಾಗಿ ನುಡಿಸಿದರೆ ಹೊಲಿಗೆ ಯಂತ್ರ. ನಿಧಾನಕ್ಕೆ ನಾಲ್ಕು ಬಿಡಿ ಛಫ್ ಇಡಿ, ನಾಲ್ಕೂ ಒಂದಿಷ್ಟು ಬೇರೆ ಬೇರೆ ಇರಲಿ. ವೇಗಕ್ಕೆ ಓಟದಲ್ಲೇ ರೆಕಾರ್ಡ್ ಮಾಡಿದ ಲೂಪ್.

ಹಸಿರುಬಾವುಟ

ಮೇಡಂ, ಡೀಸೆಲ್ ಎಂಜಿನ್ನಿನ ಐಡಲ್, ಅಂದರೆ ಭಾರವಿಲ್ಲದೆ ಸುಮ್ಮನೆ ತಿರುಗುವಾಗಿನ ಸದ್ದು, ಒಂದೇ ಸಿಕ್ಕಿದೆ. ಅದನ್ನೇ ಎಳೆದು ಎಂಟೂ ನಾಚಿಗೆ (ಶಕ್ತಿ ಏರಿಸುವ ಎಂಟು ಹಂತಕ್ಕೆ) ಬಳಸಬಹುದೇ?

ಎಂಟನೇ ನಾಚ್

ಬಳಸಬಹುದು, ಕೇಳಲು ಆಗುವುದಿಲ್ಲ.

ಆಲ್ಕೋ 251 ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. 16 ಸಿಲಿಂಡರ್, ನಾಲ್ಕು ಸ್ಟ್ರೋಕ್. ಐಡಲ್ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚಿನಲ್ಲಿ 1000. ಐಡಲ್‌ನಲ್ಲಿ ಸೆಕೆಂಡಿಗೆ 53 ಸಿಡಿತ, ಪೂರ್ತಿ ಕೊಟ್ಟಾಗ 133. ಐಡಲ್ ಫೈಲನ್ನು ಎರಡೂವರೆ ಪಟ್ಟು ಎಳೆದರೆ ಸಿಡಿತದ ಲೆಕ್ಕ ಸರಿಬರುತ್ತದೆ. ಆದರೆ ಕವಚದ ಅದುರು, ವಾಲ್ವಿನ ಕಟಗುಟ್ಟು ಎಲ್ಲವೂ ಎರಡೂವರೆ ಪಟ್ಟು ಮೇಲೆ ಹೋಗುತ್ತವೆ, ದೊಡ್ಡ ಎಂಜಿನ್ ಚಿಕ್ಕದಾಗಿಬಿಡುತ್ತದೆ. ಭಾರ ಎಳೆಯುವಾಗಿನ ಟರ್ಬೋ ಶಿಳ್ಳೆ ಐಡಲ್‌ನಲ್ಲಿ ಇರುವುದೇ ಇಲ್ಲ, ಎಳೆದು ತರುವುದು ಎಲ್ಲಿಂದ?

ನಾಲ್ಕು ರೆಕಾರ್ಡಿಂಗ್ ಸಿಕ್ಕರೆ ಸಾಕು. 400, 540, 740, 1000 ಹತ್ತಿರ. ಒಂದೊಂದನ್ನೂ ಅಕ್ಕಪಕ್ಕಕ್ಕೆ ಶೇಕಡ 17ಕ್ಕಿಂತ ಜಾಸ್ತಿ ಎಳೆಯಬೇಕಾಗಿಲ್ಲ, ಕಿವಿ ಅಷ್ಟನ್ನು ಕ್ಷಮಿಸುತ್ತದೆ. ಒಂದರಿಂದ ಒಂದಕ್ಕೆ ದಾಟುವಾಗ ವಾಲ್ಯೂಮ್ ಕರ್ವಿನಲ್ಲಿ ನಡುಬಿಂದುವಿಗೆ 0.5, 0.5 ಕೊಡಬೇಡಿ. ಬೇರೆ ಬೇರೆ ಸದ್ದುಗಳು ಹಾಗೆ ಕೂಡಿದರೆ 3 ಡೆಸಿಬೆಲ್ ಕುಸಿಯುತ್ತದೆ, ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ. 0.7, 0.7 ಕೊಡಿ.

ಹಾಗೇ, ಹೊರಗೆ ಕೇಳಬೇಕಾದ ಎಲ್ಲ ಸದ್ದೂ ಮೋನೋ, ಅಂದರೆ ಒಂದೇ ಚಾನೆಲ್, ಇರಲಿ. ಓಪನ್ ರೈಲ್ಸ್ ಸದ್ದು ನುಡಿಸಲು ಬಳಸುವ ಓಪನ್‌ಎಎಲ್ ಲೈಬ್ರರಿ ಸ್ಟೀರಿಯೋ ಸದ್ದಿಗೆ ಜಾಗ ಗುರುತಿಸುವುದಿಲ್ಲ. ಎಂಜಿನ್ ಅರ್ಧ ಕಿಲೋಮೀಟರ್ ದೂರ ಹೋದರೂ ಸದ್ದು ಕಿವಿಯಲ್ಲೇ ಕೂತಿರುತ್ತದೆ.

ಕೊನೇಬೋಗಿ

ಓಹೋ! ನನ್ನ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಮುಂದಿನ ಸ್ಟೇಷನ್ನಿನವರೆಗೂ ಬೆನ್ನು ಹತ್ತುವುದು ಇದಕ್ಕೇನಾ?

ಎಂಟನೇ ನಾಚ್

ಇದಕ್ಕೇ ಇರಬೇಕು. ಮೋನೋ ಮಾಡಿ ನೋಡಿ.

ಹಳಿಮರುಳ

90ರಲ್ಲಿ ರೆಕಾರ್ಡ್ ಮಾಡಿ ತಂದೆ. ಫ್ಯಾನ್ ಸದ್ದು ಜಾಸ್ತಿ ಇತ್ತು, ನಾಯ್ಸ್ ರಿಡಕ್ಷನ್ ಹಾಕಿದೆ. ಈಗ ನೀರಿನೊಳಗೆ ರೈಲು ಓಡುತ್ತಿರುವ ಹಾಗಿದೆ.

ಎಂಟನೇ ನಾಚ್

ಗುಡುಗೇ ಒಂದು ಗದ್ದಲ. ಅದರಿಂದ ಗದ್ದಲ ತೆಗೆ ಅಂದರೆ ಪಾಪ ಅದು ಏನು ಮಾಡೀತು! ವಾಪಸ್ ಹೋಗಿ ಮೂಲ ಫೈಲ್ ತೆಗೆದುಕೊಳ್ಳಿ. ಫ್ಯಾನಿನದು ಒಂದೇ ಸ್ವರವಾದರೆ ಆ ಜಾಗವನ್ನು ಮಾತ್ರ ಈಕ್ವಲೈಸರಿನಲ್ಲಿ ಸಣ್ಣಗೆ ಕೆತ್ತಿ. ಉಳಿದದ್ದು ಇರಲಿ.

ಬಫರ್‌ಸ್ಟಾಪ್

ಇಲ್ಲಿ ನಾನು ಒಪ್ಪುವುದಿಲ್ಲ. ಸ್ವಲ್ಪ ನಾಯ್ಸ್ ರಿಡಕ್ಷನ್, 6 ಡೆಸಿಬೆಲ್‌ನಷ್ಟು, ನಾನು ಯಾವಾಗಲೂ ಹಾಕುತ್ತೇನೆ, ಏನೂ ಆಗಿಲ್ಲ.

ಎಂಟನೇ ನಾಚ್

ಕಂಪ್ರೆಸರ್, ಬಾಗಿಲು, ಸ್ವಿಚ್ಚಿಗೆ ನಾನೂ ಹಾಕುತ್ತೇನೆ. ರನ್ ಸದ್ದಿಗೆ ಬೇಡ. ನಿಮ್ಮ ರನ್ ಫೈಲ್ ಕೇಳಿದ್ದೇನೆ ಸರ್, ಹೆಡ್‌ಫೋನ್ ಹಾಕಿ ಕೇಳಿ, ಗುಳುಗುಳು ಅನ್ನುತ್ತದೆ.

ಬಫರ್‌ಸ್ಟಾಪ್

ಕೇಳಿದೆ. ಅನ್ನುತ್ತದೆ.

ಹಸಿರುಬಾವುಟ

ಒಂದು ವಿಚಿತ್ರ. ಒಂದು ಬೋಗಿಯಲ್ಲಿ ಸದ್ದು ಚೆನ್ನಾಗಿದೆ. ಇಪ್ಪತ್ತು ಬೋಗಿ ಜೋಡಿಸಿದರೆ ಪೈಪಿನೊಳಗಿಂದ ಬಂದ ಹಾಗೆ, ಜೊತೆಗೆ ಒಡೆಯುತ್ತದೆ.

ಎಂಟನೇ ನಾಚ್

ಇಪ್ಪತ್ತೂ ಬೋಗಿ ಒಂದೇ ಫೈಲನ್ನು ಒಂದೇ ಕ್ಷಣಕ್ಕೆ ಶುರು ಮಾಡುತ್ತಿವೆ. ಒಂದೇ ಅಲೆಯ ಇಪ್ಪತ್ತು ಪ್ರತಿ ಚೂರುಚೂರು ತಡವಾಗಿ ಕಿವಿಗೆ ಬಂದರೆ ಪೈಪಿನ ಸದ್ದು. ಪೂರ್ತಿ ಒಟ್ಟಿಗೆ ಬಂದರೆ 26 ಡೆಸಿಬೆಲ್ ಏರಿಕೆ. ಅವೇ ಇಪ್ಪತ್ತು ಬೇರೆ ಬೇರೆ ಸದ್ದಾಗಿದ್ದರೆ 13 ಮಾತ್ರ. ಒಂದೇ ರೆಕಾರ್ಡಿಂಗಿನ ಮೂರು ಬೇರೆ ಜಾಗದಿಂದ ಮೂರು ಲೂಪ್ ಕತ್ತರಿಸಿ, ಉದ್ದ 5.3, 6.1, 7.4 ಸೆಕೆಂಡ್ ಹೀಗೆ ಒಂದಕ್ಕೊಂದು ಸೇರದ ಹಾಗೆ ಇರಲಿ. ಕಟಕಟ ಇಲ್ಲದ ಬರೀ ಗುಡುಗಿಗೆ ಮಾತ್ರ ಈ ಉಪಾಯ. ಬೋಗಿಗಳಿಗೆ ಅದಲುಬದಲಾಗಿ ಹಂಚಿ, ಒಂದೊಂದರ ಮಟ್ಟವನ್ನೂ ತಗ್ಗಿಸಿ.

ಹಳಿಮರುಳ

ರೂಟಿನ ಹೊಸ ಪ್ರತಿ ಹಾಕಿದ್ದೇನೆ. ಮೂಲ ರೆಕಾರ್ಡಿಂಗ್, ಫ್ಯಾನ್ ಸ್ವರ ಕೆತ್ತಿದ್ದೇನೆ, ಲೂಪ್ ಸರಿಯಾಗಿ 5 ಸೆಕೆಂಡ್. ನಿಂತ ಎಂಜಿನ್ನಿನ ಹಾರ್ನ್ ಇನ್ನೂ ಸಿಕ್ಕಿಲ್ಲ, ಈಗಿರುವುದು ತಾತ್ಕಾಲಿಕ. ಓಡಿಸಿ ನೋಡಿ ಹೇಳಿ.

ಕಲ್ಲಿದ್ದಲ ಹೊಗೆ

ಓಡಿಸಿದೆ. 90ರಲ್ಲಿ ಕಣ್ಣು ಮುಚ್ಚಿದರೆ ಬೋಗಿಯಲ್ಲೇ ಕೂತ ಹಾಗಿದೆ, ಭೇಷ್. ಒಂದೇ ದೂರು. ಸ್ಟೇಷನ್ನಿನಿಂದ ಹೊರಡುವಾಗ, 20ರ ಹತ್ತಿರ, ಯಾರೋ ನೆಲಮಾಳಿಗೆಯಲ್ಲಿ ನರಳಿದ ಹಾಗೆ ಕೇಳುತ್ತದೆ. ಎರಡು ಸಲ ಹೊರಟೆ, ಎರಡು ಸಲವೂ ನರಳಿದರು.

ಎಂಟನೇ ನಾಚ್

ನಿಮ್ಮ ಬಿಳಿ ಕಲ್ಲಿನ ಅಣ್ಣ ಇದು! 20ರಲ್ಲಿ ಫೈಲ್ ನಾಲ್ಕೂವರೆ ಪಟ್ಟು ನಿಧಾನವಾಗಿ ನುಡಿಯುತ್ತದೆ, ಎರಡು ಸ್ಥಾಯಿಗೂ ಕೆಳಗೆ. 90ರಲ್ಲಿ ಅದು ಯಾವುದೋ ಚಿಕ್ಕ ಸದ್ದಾಗಿರಬೇಕು. ಹಳಿಮರುಳ ಅವರೇ, ಲೂಪಿನ ಮೂರನೇ ಸೆಕೆಂಡಿನ ಸುತ್ತ ಕೇಳಿ.

ಹಳಿಮರುಳ

ಕೇಳಿದೆ. ನಾನೇ. ಗಂಟಲು ಸರಿಮಾಡಿಕೊಂಡಿದ್ದೇನೆ. ಇಂದು ರಾತ್ರಿ ಬೇರೆ ಜಾಗದಿಂದ 5 ಸೆಕೆಂಡ್ ಕತ್ತರಿಸಿ ಹಾಕುತ್ತೇನೆ.